ಉಳಿಸಿಕೊಂಡ ಕಂತು

ಗದಗಿನ ಸಾಲಮಾಹಿತಿ ಕಚೇರಿಯಲ್ಲಿ ವರದಿಯನ್ನು ಯಾರೂ ಓದುವುದಿಲ್ಲ, ಕೇಳುತ್ತಾರೆ. ಸಾಲಕ್ಕೆ ಜಾಮೀನು ನಿಂತವರು ಅಂದು ಆಡಿದ ಮಾತಿನ ಧ್ವನಿಮುದ್ರಣವೇ ಅಲ್ಲಿ ವರದಿ. ವರ್ಷಕ್ಕೊಮ್ಮೆ ಅದನ್ನು ಪುಕ್ಕಟೆಯಾಗಿ ಕೇಳುವ ಹಕ್ಕು ಎಲ್ಲರಿಗೂ ಇದೆ. ಯುಗಾದಿಯ ಮರುದಿನ ಈರವ್ವ ಬಂದೇ ಬರುತ್ತಾಳೆ. ಈ ಸಲವೂ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಳು.

ಕೌಂಟರಿಗೆ ಹೊಸದಾಗಿ ಬಂದಿದ್ದ ರೇಷ್ಮಾ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ಅಮ್ಮಾರ, ಹೊಲಿಗಿ ಮಷೀನಿನ ಸಾಲದಾಗ ಒಂದ ಕಂತು ಉಳದೈತ್ರಿ. ಅದಕ್ಕ ನಿಮ್ಮ ಸಾಲದ ಅಂಕ ಪಾತಾಳಕ್ಕ ಇಳದೈತಿ. ಕಟ್ಟಿಬಿಡ್ರಿ, ಇವತ್ತ ಖಾತೆ ಮುಚ್ಚತೇನಿ."

"ಮುಚ್ಚಿದ್ರ ಈ ಧ್ವನಿ?"

"ಅಳಿಸಿ ಹೋಗ್ತೈತ್ರಿ. ನಿಯಮ ಹಂಗೈತಿ."

"ಹಂಗಾರ ಇರಲಿ ಬಿಡವ್ವ."

ರೇಷ್ಮಾ ಇನ್ನೇನೋ ಹೇಳಹೊರಟವಳು, ಜಾಮೀನುದಾರನ ಹೆಸರಿನ ಮುಂದೆ 'ಗಂಡ, ದಿವಂಗತ' ಎಂದಿದ್ದುದನ್ನು ಕಂಡಳು. ಹೆಡ್‌ಫೋನನ್ನು ತಾನೇ ಈರವ್ವನ ಕಿವಿಗೆ ಸರಿಯಾಗಿ ಕೂರಿಸಿ, ಗುಂಡಿ ಒತ್ತಿದಳು.

ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಆಡಿದ ಅದೇ ಒರಟು ದನಿ: "ಬರಕೋರಿ ಸಾಹೇಬ್ರ, ನಮ್ಮ ಈರವ್ವ ಯಾರದೂ ಒಂದ ಪೈಸಾ ಉಳಿಸ್ಕೊಳ್ಳಾಕಿ ಅಲ್ಲ."

ಈರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

"ನಿಮ್ಮ ಮಾತ ಸುಳ್ಳ ಮಾಡೇನಿ," ಎಂದು ಪಿಸುಗುಟ್ಟಿದಳು. "ಸಿಟ್ಟಾಗಬ್ಯಾಡ್ರಿ."