ಕತ್ತೆಯ ದನಿ

ಮಕ್ಕಳ ಚಾನೆಲ್ಲಿಗೆ ಇಪ್ಪತ್ತು ವರ್ಷ ತುಂಬಿದ ಸಮಾರಂಭ. ಅದರ ಕಾರ್ಟೂನು ನೋಡಿ ಬೆಳೆದವರೆಲ್ಲ ಈಗ ಮೂವತ್ತರ ಆಸುಪಾಸಿನವರು. ಹಳೇ ನೆನಪಿನ ಆಸೆಗೆ ಸಭಾಂಗಣ ತುಂಬಿಬಿಟ್ಟಿದ್ದರು. ಕಾರ್ಟೂನಿನ ಕತ್ತೆಗೆ ಕನ್ನಡದ ದನಿಯಾಗಿದ್ದ ವನಜಾಕ್ಷಿ ಮುಖ್ಯಸ್ಥರನ್ನು ಬಾಗಿಲಲ್ಲೇ ಹಿಡಿದಳು.

"ಇವತ್ತಾದ್ರೂ ನನ್ನ ಹೆಸರು ಹೇಳ್ತೀರಾ ಸಾರ್?"

"ಕತ್ತೆ ಹಾಗೆ ಅರಚಿದ್ದಕ್ಕೆಲ್ಲ ಹೆಸರು ಹಾಕ್ತಾರೇನಮ್ಮ?"

ಇಪ್ಪತ್ತು ವರ್ಷದ ಹಿಂದೆ, ಮೊದಲ ಕಂತಿನ ದಿನವೂ ಅವರು ಇದೇ ಮಾತಂದಿದ್ದರು. ಅದನ್ನು ನುಂಗಿಕೊಂಡೇ ಅವಳು ಮೈಕಿನ ಮುಂದೆ ಕೂತಿದ್ದಳು. ಪರದೇಶದ ಕತ್ತೆಗೆ ಕನ್ನಡದ ಹೆಸರಿಡುವ ಕೆಲಸವೂ ಅವಳದೇ. ಮಕ್ಕಳಾಟಿಕೆ ನೋಡುವಷ್ಟು ಪುರುಸೊತ್ತು ಮುಖ್ಯಸ್ಥರಿಗೆಲ್ಲಿ? ಒಂದು ಕಂತನ್ನೂ ನೋಡದೆ ಸಹಿ ಹಾಕಿದರು. ಕಾರ್ಟೂನಿನಲ್ಲಿ ಯಾರೇ ಹೆಸರು ಹಿಡಿದು ಕರೆದರೂ ಕತ್ತೆ ಉದ್ದಕ್ಕೆ ಅರಚುತ್ತಿತ್ತು. ಮನೆಮನೆಯಲ್ಲಿ ಮಕ್ಕಳೂ ಜೊತೆಗೆ ಅರಚುತ್ತಿದ್ದವು.

"ಬೇಡ ಬಿಡಿ ಸಾರ್," ಎಂದು ವನಜಾಕ್ಷಿ ಹೋಗಿ ಕೊನೇ ಸಾಲಿನಲ್ಲಿ ಕೂತಳು.

ಮುಖ್ಯಸ್ಥರು ಶಾಲು ಸರಿಮಾಡಿಕೊಂಡು ವೇದಿಕೆ ಹತ್ತಿದರು. ನಿರೂಪಕಿ ಮೈಕು ಹಿಡಿದಳು.

"ಈಗ ಮಾತಾಡಲಿದ್ದಾರೆ, ನಮ್ಮೆಲ್ಲರ ಪ್ರೀತಿಯ ಶ್ರೀಕಂಠರಾಯರು."

ಸಭಾಂಗಣದ ಆರುನೂರು ಮಂದಿಯೂ ಒಟ್ಟಿಗೇ ಕತ್ತೆಯ ಹಾಗೆ ಅರಚಿದರು.