ಕಾಶಿರಾಯನ ಹೊಟ್ಟೆನೋವು

ಔಷಧದ ಬಾಟಲಿ ಮತ್ತೆ ಖಾಲಿಯಾಗಿತ್ತು. ಹತ್ತು ದಿನಕ್ಕೆಂದು ಡಾಕ್ಟರು ಕೊಟ್ಟದ್ದು ನಾಲ್ಕೇ ದಿನಕ್ಕೆ ತಳ ಕಂಡಿತ್ತು. ಹೊತ್ತೇರುವ ಮುನ್ನವೇ ಹೊಲದಿಂದ ಮರಳಿದ ಶಂಕ್ರಮ್ಮ ಅದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ಈ ಸಲ ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಿದ್ದಳು. ಅಲ್ಲಿಂದಲೂ ಮಾಯ.

ಮಗ ಕಾಶಿರಾಯನನ್ನು ಕರೆದು, ಬಾಯಿ ತೆರೆಸಿ ಮೂಸಿದಳು. ಆ ಔಷಧಕ್ಕೆ ಸೋಂಪಿನ ಘಮ. ಆರು ವರ್ಷದ ಹುಡುಗನ ಬಾಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ ಬಿಟ್ಟರೆ ಬೇರೇನಿಲ್ಲ. ಹಾಗಾದರೆ ಕುಡಿದವನು ಇವನಲ್ಲ. ಯಾರೋ ಚೆಲ್ಲುತ್ತಿದ್ದಾರೆ.

ಯಾರೋ ಏನು, ಹಗಲು ಮನೆಯಲ್ಲಿರುವ ದೊಡ್ಡವರು ಒಬ್ಬರೇ. ಅತ್ತೆ ದುಂಡಮ್ಮ.

ಮೂರು ತಿಂಗಳಿಂದ ಇದೇ ಗೋಳು. ಅಂಗಳದಲ್ಲಿ ಆಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಓಡಿ ಬಂದು "ಯವ್ವಾ, ಹೊಟ್ಟಿ ನೋಯಾಕತ್ತದ, ದವಾಖಾನಿಗಿ ಹೋಗೋಣ" ಎನ್ನುತ್ತಿದ್ದ. ಶಂಕ್ರಮ್ಮ ಕೈಯಲ್ಲಿನ ಕೆಲಸ ಬಿಟ್ಟು ಅವನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಹೋದ ಬೇಸಿಗೆಯಲ್ಲಿ ಪಕ್ಕದ ಓಣಿಯ ಕೂಸೊಂದು ಹೀಗೇ ಹೊಟ್ಟೆ ಹಿಡಿದುಕೊಂಡು ಮಲಗಿದ್ದು ಏಳಲೇ ಇಲ್ಲ. ಗಂಡ ಶಹಾಬಾದಿನ ಕಲ್ಲುಗಣಿಯಲ್ಲಿ. ಬರುವುದು ಹದಿನೈದು ದಿನಕ್ಕೊಮ್ಮೆ. ಹೆದರಿಕೆಯನ್ನೆಲ್ಲ ಅವಳೊಬ್ಬಳೇ ಹೊರಬೇಕು.

ದುಂಡಮ್ಮ ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಸೊಸೆಯ ಕೈಯಲ್ಲಿನ ಬಾಟಲಿ ನೋಡಿದಳು. ಬಾಟಲಿ ಯಾಕೆ ಖಾಲಿ ಎಂದು ಮಾತ್ರ ಕೇಳಲಿಲ್ಲ.

"ಆ ಬಣ್ಣದ ನೀರಿನಾಗ ಏನದ? ನಾಳಿ ಸಂತಿಗಿ ಮರೆಮ್ಮ ಬರ್ತಾಳ. ಕಾಶ್ಯಾಗ ಬರಿ ಕೊಡಸ್ತೀನಿ."

"ಬ್ಯಾಡ್ರಿ ಅತ್ತಿ. ಕೂಸು ಅದ."

"ಅಂಬಿ ಕೂಸು ಇದ್ದಿದ್ದಿಲ್ಲೇನು? ಬರಿ ಕೊಟ್ಟ ಮ್ಯಾಲ ಒಮ್ಮೆರ ಹೊಟ್ಟಿ ಅಂದಾಳೇನು ಆಕಿ?"

ಅಂದಿರಲಿಲ್ಲ. ಅದೇ ಶಂಕ್ರಮ್ಮನ ಬಾಯಿ ಮುಚ್ಚಿಸುವ ಮಾತು. ಮಗಳು ಅಂಬಮ್ಮನಿಗೀಗ ಒಂಬತ್ತು. ಹೋದ ವರ್ಷ ಅವಳಿಗೂ ಹೊಟ್ಟೆನೋವು ಬಂದಿತ್ತು. ಸಂತೆ ಸಂತೆಗೆ ಬಂದು ಬರೆ ಹಾಕುವ ಮರೆಮ್ಮ ದಬ್ಬಣ ಕೆಂಪಗೆ ಕಾಯಿಸಿ ಹೊಕ್ಕುಳ ಸುತ್ತ ನಾಲ್ಕು ಕಡೆ ಒತ್ತಿದ್ದಳು. ಕಾಲು ಅದುಮಿ ಹಿಡಿದಿದ್ದವಳು ಶಂಕ್ರಮ್ಮನೇ. ಬಾಗಿಲ ಸಂದಿಯಲ್ಲಿ ನಿಂತು ನೋಡಿದ ಕಾಶಿರಾಯ ಆ ಸಂಜೆ ಉಣ್ಣಲಿಲ್ಲ. ಹೆಣ್ಣುಮಗಳ ಹೊಟ್ಟೆನೋವಿಗೆ ಕಲಬುರಗಿಯ ಬಸ್ಸು ಹತ್ತುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಒಬ್ಬನೇ ಗಂಡುಮಗನದು ಬೇರೆ ಮಾತು.

ಆ ಮಾಂಸ ಸುಟ್ಟ ವಾಸನೆ ಶಂಕ್ರಮ್ಮನ ಮೂಗು ಬಿಟ್ಟು ಹೋಗಿರಲಿಲ್ಲ. ಇನ್ನೊಮ್ಮೆ ಕಾಲು ಹಿಡಿಯುವುದು ತನ್ನಿಂದಾಗದು. ಇವತ್ತೇ ಡಾಕ್ಟರು ರೋಗ ಯಾವುದೆಂದು ಹೇಳಬೇಕು. ಇಲ್ಲದಿದ್ದರೆ ನಾಳೆ ದಬ್ಬಣ ಕಾಯುತ್ತದೆ.

ಕಾಶಿರಾಯನದು ಯಾವಾಗಿನಂತೆ ಒಂದೇ ಹಠ. ಅಕ್ಕ ಬಾರದೆ ತಾನು ಬಸ್ಸು ಹತ್ತುವುದಿಲ್ಲ. ಹತ್ತಿದ ಮೇಲೆ ಅಂಬಮ್ಮ ಯಾವಾಗಿನಂತೆ ಕೈಚೀಲವನ್ನು ಮಡಿಲಿಗೆ ಅವುಚಿಕೊಂಡು ಕೂತಳು. ಶಂಕ್ರಮ್ಮ ಎರಡು ಕೆಂಪು ಬಾಳೆಹಣ್ಣು ಕೊಂಡು ಮಕ್ಕಳಿಗೆ ಕೊಟ್ಟಳು. ಕಾಶಿರಾಯ ತನ್ನದನ್ನು ತಿಂದ. ಅಕ್ಕ ಕೊಟ್ಟಳೆಂದು ಅವಳದನ್ನೂ ತಿಂದ. ತಾಯಿಗೆ ಇನ್ನಷ್ಟು ಭಯ. ಇಷ್ಟು ತಿನ್ನುವ ಮಗುವಿಗೆ ಹೊಟ್ಟೆನೋವೆಂದರೆ ಅದು ರೋಗವೋ, ಯಾರಾದರೂ ಮಾಡಿಸಿದ್ದೋ?

ದಾರಿಯಲ್ಲಿ ಅಂಬಮ್ಮ ತಾಯಿಯ ಹೆಗಲಿಗೆ ಒರಗಿ ಕಣ್ಣು ಮುಚ್ಚಿದಳು. ಸಣ್ಣಗೆ ಸೋಂಪಿನ ವಾಸನೆ ಬಂತು. ಚೀಲದಲ್ಲಿನ ಖಾಲಿ ಬಾಟಲಿಯದು ಎಂದುಕೊಂಡಳು ಶಂಕ್ರಮ್ಮ. ಒಳಗೊಳಗೇ ಅತ್ತೆಯನ್ನು ಇನ್ನೊಮ್ಮೆ ಶಪಿಸಿದಳು.

ಕಲಬುರಗಿಯ ರೋಜಾ ಬಡಾವಣೆಯ ಹತ್ತಿರ ಡಾಕ್ಟರ್ ಬುರ್ಹಾನುದ್ದೀನರ ದವಾಖಾನೆ. ಇದು ನಾಲ್ಕನೆಯ ಸಲ. ಕಾಶಿರಾಯನನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿದರು, ತಟ್ಟಿದರು. ಹೋದ ಸಲ ತೆಗೆಸಿದ್ದ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದರು.

"ಫೋಟೋದಾಗ ಏನೂ ಇಲ್ಲಮ್ಮಾ. ರಕ್ತನೂ ಛಲೋ ಅದ. ನನಗ ಏನೂ ಕಾಣವಲ್ದು."

ಶಂಕ್ರಮ್ಮ ಮೇಜಿನ ಹತ್ತಿರ ಸರಿದಳು. "ಹಂಗನಬ್ಯಾಡ್ರಿ ಸಾಹೇಬ್ರ. ಇವತ್ತ ಏನರೆ ಹೇಳಿ ಕಳಸ್ರಿ. ಇಲ್ಲಾಂದ್ರ ನಾಳಿ ಇವಗ ಬರಿ ಕೊಡ್ತಾರ್ರಿ."

ಡಾಕ್ಟರು ಹುಡುಗನತ್ತ ಬಗ್ಗಿದರು. "ನೋವು ಯಾವಾಗ ಬರ್ತದಪ್ಪಾ?"

"ಉಂಡ ಕೂಡ್ಲೆ ಬರ್ತದ್ರಿ," ಎಂದಳು ಬಾಗಿಲ ಬಳಿಯ ಬೆಂಚಿನಿಂದ ಅಂಬಮ್ಮ. "ಒಳಗ ಹಿಂಡಿದಂಗ ಆಗ್ತದ. ಆಮ್ಯಾಲ ಬೆನ್ನಿಗಿ ಹೋಗ್ತದ್ರಿ."

"ಶಾಣ್ಯಾಕಿ ಇದ್ದಿ. ತಮ್ಮನ ಮ್ಯಾಲ ಬಾಳ ಜೀವ," ಡಾಕ್ಟರು ನಕ್ಕರು. "ಈ ಸಲ ಅವನೇ ಹೇಳ್ಲಿ."

ಕಾಶಿರಾಯ ಗೋಡೆಯ ಕಪಾಟಿನಲ್ಲಿದ್ದ ಬಾಟಲಿಗಳನ್ನೇ ನೋಡುತ್ತಿದ್ದ.

"ದೊಡ್ಡ ಬಾಟ್ಲಿ ಕೊಡ್ರಿ. ಸಣ್ಣದು ಸಾಲಂಗಿಲ್ಲ."

"ಕೊಡ್ತೀನಿ. ಮೊದ್ಲ ಎಲ್ಲಿ ನೋಯ್ತದ ತೋರ್ಸು."

"ತೋರ್ಸಿದ್ರ ಸುಡ್ತೀರೇನ್ರಿ?"

ಡಾಕ್ಟರು ತಾಯಿಯ ಮುಖ ನೋಡಿದರು. ಶಂಕ್ರಮ್ಮ ನೆಲ ನೋಡಿದಳು.

"ಇಲ್ಲಿ ಯಾರೂ ಸುಡಂಗಿಲ್ಲ ಬೇಟಾ. ಆಣಿ ಮಾಡ್ತೀನಿ. ಎಲ್ಲಿ ನೋಯ್ತದೋ ಅಲ್ಲಿ ಕೈ ಇಟ್ಟು ತೋರ್ಸು."

ಕಾಶಿರಾಯ ಮೇಜಿನಿಂದ ಇಳಿದು ಬಾಗಿಲ ಬಳಿ ಹೋದ. ಬೆಂಚಿನ ಮೇಲೆ ಬಗ್ಗಿ ಕೂತಿದ್ದ ಅಕ್ಕನ ಮಡಿಲಿನ ಚೀಲ ಸರಿಸಿ, ಅವಳ ಹೊಟ್ಟೆಯ ಮೇಲೆ ಕೈಯಿಟ್ಟ.