ಅಪ್ಪ ಕೇಳಿದ ರಾಜನ ಕಥೆ

ಈಗಲೂ ಜೋಳದ ಹಿಟ್ಟಿಗೆ ಬಿಸಿನೀರು ಸುರಿದಾಗ ಏಳುವ ವಾಸನೆಗೆ ಪರದೇಶದ ಹೇಸ್ ಎಂಬ ಊರಿನಲ್ಲಿದ್ದ ನಮ್ಮ ಬಾಡಿಗೆ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಆಫೀಸ್ ಕೆಲಸ ಹೋಗಿತ್ತು. ಹತ್ತಿರದ ಊರು ಫೆಲ್ಥಮ್‌ನಲ್ಲಿದ್ದ ಸೋದರಮಾವ ಏರ್‌ಪೋರ್ಟ್ ಹತ್ತಿರದ ಗೋದಾಮಿನಲ್ಲಿ ಕೆಲಸ ಹುಡುಕಿಕೊಟ್ಟರೆ, "ನಿನ್ನ ಹಂಗಿನ ಕೂಳು ನನಗ ಬ್ಯಾಡ" ಎಂದು ಅಪ್ಪ ಅವನನ್ನು ಬಾಗಿಲಿಂದಲೇ ಕಳಿಸಿಬಿಟ್ಟಿದ್ದ. ಅಂದಿನಿಂದ ಅವ್ವ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಅಂದು ಅಪ್ಪ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದ. ಪರೀಕ್ಷೆಗೆ ಗ್ರೀಕ್ ನಾಟಕ ಓದುತ್ತಿದ್ದ ಅಕ್ಕ ಅದರ ಕಥೆ ಹೇಳುತ್ತಿದ್ದಳು. ರಾಜನೊಬ್ಬ ಹಟ ಹಿಡಿದು ಯಾರ ಮಾತೂ ಕೇಳಲಿಲ್ಲ. ಕೊನೆಗೆ ಅವನ ಮಗನೇ ಸತ್ತ.

"ಜಸ್ಟ್ ಸಾರಿ ಅನ್ನಬಹುದಿತ್ತಲ್ಲ, ಅಪ್ಪಾ?" ಎಂದಳು ಅಕ್ಕ.

"ಅನ್ನಬೇಕಂತ ಅವಗೂ ಇರ್ತದವಾ. ಗಂಟಲದಾಗ ಸಿಗಬೀಳ್ತದ." ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಅಪ್ಪ ಕೇಳಿದ, "ಅವನ ಹೇಣ್ತಿ ಏನಂದ್ಲು?"

"ನಥಿಂಗ್. ಸುಮ್ಮನ ಒಳಗ ಹೋದ್ಲು. ಆಕಿನೂ ಸತ್ತಳು. ಆಮ್ಯಾಲ ರಾಜ, ನನ್ನೂ ಕೊಲ್ರಿ ಅಂತ ಅತ್ತ."

ಅಪ್ಪನ ಕೈ ನಿಂತಿತು. ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ, ಅವ್ವ ಮಲಗಿದ್ದ ಕೋಣೆಯ ಬಾಗಿಲು ತಟ್ಟಿದ. ನಾವಿಬ್ಬರೂ ಅವನ ಹಿಂದೆಯೇ ಹೋಗಿ ಮೆಟ್ಟಿಲ ಮೇಲೆ ನಿಂತೆವು.

"ಬಾಗಲಾ ತಗಿ. ನಂದ ತಪ್ಪಾತು."

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. "ನನಗಲ್ಲ, ನನ್ನ ತಮ್ಮಗ ಹೇಳ್ರಿ," ಎಂದು ಅವ್ವ ಫೋನ್ ಹಚ್ಚಿ ಅಪ್ಪನ ಕಿವಿಗೆ ಹಿಡಿದಳು.

ಆ ಕಡೆ ಮಾವ ಹಲೋ, ಹಲೋ ಅನ್ನುತ್ತಿದ್ದ. ಅಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕೊನೆಗೆ, "ಊಟ ಆತೇನಪಾ?" ಎಂದ.